ಹಳೆ ಕ್ಯಾಸೆಟ್ಟು, ಹೊಸ ಬಿಲ್ಲು

ಅಕ್ಟೋಬರ್‌ನಲ್ಲಿ ಮಡಿಕೇರಿ ಹತ್ತಿರದ ಹಳೇ ಮನೆಯೊಂದರಲ್ಲಿ ಎಂಟು ಹಾಡು ಹೊಸದಾಗಿ ಮುದ್ರಿಸಿದೆವು, ಅಂದರೆ ರೆಕಾರ್ಡ್ ಮಾಡಿದೆವು. ಎಂಟೂ 2001ರ ಕ್ಯಾಸೆಟ್ಟಿನವೇ. ಅವೇ ಹಾಡು, ಅದೇ ಗಾಯಕಿ, ಆದರೆ ಹಳೆಯ ಮುದ್ರಿಕೆ ಮಾತ್ರ ಕ್ಯಾಸೆಟ್ ಕಂಪನಿಯ ಸ್ವತ್ತು. ಪ್ರಕಟವಾದ ಮುದ್ರಿಕೆಯ ಹಕ್ಕು 60 ವರ್ಷ ಇರುತ್ತದೆ, ಅಂದರೆ 2061ರ ಕೊನೆವರೆಗೆ. ಅಷ್ಟು ದಿನ ಕಾಯುವವರು ಯಾರು?

ಸಾಹಿತ್ಯ, ರಾಗಸಂಯೋಜನೆಯ ಹಕ್ಕು ಮುದ್ರಿಕೆಯ ಹಕ್ಕಿಗಿಂತ ಬೇರೆ. ಅವನ್ನೂ ಬರೆದುಕೊಟ್ಟಿದ್ದರೆ ಮತ್ತೆ ಹಾಡಿದರೂ ಬೀಗದ ಕೈ ಕಂಪನಿ ಹತ್ತಿರವೇ ಉಳಿಯುತ್ತದೆ. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ 2021ರಲ್ಲಿ ‘ಫಿಯರ್‌ಲೆಸ್’ ಆಲ್ಬಮ್ಮನ್ನು ಹೊಸದಾಗಿ ಹಾಡಿ ತರಲು ಸಾಧ್ಯವಾದದ್ದು ಹಾಡು ಬರೆದವರಲ್ಲಿ ಆಕೆಯೂ ಇದ್ದುದರಿಂದ. ಇಲ್ಲಿನ ಒಪ್ಪಂದದಲ್ಲಿ ಸಾಹಿತ್ಯ, ಸಂಯೋಜನೆ ಎರಡನ್ನೂ ವಹಿಸಿಕೊಟ್ಟಿತ್ತು, ಆದರೆ ಎಷ್ಟು ವರ್ಷಕ್ಕೆ ಎಂಬುದು ಇರಲಿಲ್ಲ. ಅವಧಿ ಬರೆಯದಿದ್ದರೆ ಐದೇ ವರ್ಷ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು. ಆ ಒಂದು ಖಾಲಿ ಜಾಗವೇ ನಮ್ಮನ್ನು ಕಾಪಾಡಿತು. ‘ಮತ್ತೆ ಹಾಡಕೂಡದು’ ಎಂಬ ಷರತ್ತಿದೆಯೇ ಎಂದು ಬೇರೆಯಾಗಿ ಹುಡುಕಬೇಕು. ನಮ್ಮ ಒಪ್ಪಂದದಲ್ಲಿದ್ದ ಆ ಷರತ್ತು ಐದು ವರ್ಷದ್ದು, ಅದೂ ಮುಗಿದಿತ್ತು.

ಬೆಳಿಗ್ಗೆ ಮೊದಲು ಕೈಕೊಟ್ಟಿದ್ದು ಶ್ರುತಿ. ಹಳೆ ಕ್ಯಾಸೆಟ್ಟು ಬಿಳಿ ಎರಡಕ್ಕೂ (ಹಾರ್ಮೋನಿಯಂನ ಎರಡನೇ ಬಿಳಿ ಕೀ) ಕೂಡುತ್ತಿಲ್ಲ, ಕರಿ ಎರಡಕ್ಕೂ ಇಲ್ಲ. ಪ್ಲೇಯರ್ ಶೇಕಡಾ 3ರಷ್ಟು ಜೋರಾಗಿ ತಿರುಗಿದರೂ ಸಾಕು, ಶ್ರುತಿ ಸುಮಾರು ಅರ್ಧ ಸೆಮಿಟೋನ್, ಅಂದರೆ ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರದ ಅರ್ಧದಷ್ಟು, ಏರುತ್ತದೆ. ಸಿ.ಡಿ. ಪ್ರತಿ ಸಿಕ್ಕಿದ ಮೇಲೆ ಗೊತ್ತಾಯಿತು, ಮೂಲದಲ್ಲಿದ್ದದ್ದು ಬಿಳಿ ಎರಡು. “ಈಗ ಬಿಳಿ ಒಂದೇ ಸಾಕಪ್ಪ,” ಅಂದರು ಹಾಡುವ ಅಕ್ಕ. ಹಾಗೇ ಇಳಿಸಿದೆವು. ಹಳೇ ಗಂಟಲನ್ನು ಅನುಕರಿಸಲು ಹೋದರೆ ಹಾಡು ಕೆಡುತ್ತದೆ.

ಹಳೆಯದರಲ್ಲಿ ಕ್ಲಿಕ್, ಅಂದರೆ ವೇಗ ತಪ್ಪದಂತೆ ಕಿವಿಗೆ ಕೊಡುವ ಟಿಕ್ ಟಿಕ್ ಸದ್ದು, ಇರಲಿಲ್ಲ. ಒಂದು ಹಾಡು ನಿಮಿಷಕ್ಕೆ 92 ಬಡಿತದಲ್ಲಿ ಶುರುವಾಗಿ 97ಕ್ಕೆ ಮುಗಿಯುತ್ತದೆ. ಒಂದೇ ವೇಗದ ಕ್ಲಿಕ್ ಹಾಕಿದರೆ ಸತ್ತಂತಿರುತ್ತದೆ, ಅದಕ್ಕೆ ಚರಣ ಚರಣಕ್ಕೂ ವೇಗ ಏರುವಂತೆ ಗುರುತು ಹಾಕಿಕೊಂಡೆವು. ಹಳೆ ಹಾಡನ್ನು ಬೇರೆ ಫೋನಿನಲ್ಲಿ ಮಾತ್ರ ಕೇಳುವುದು. ಅದರಲ್ಲಿರುವ ದುಡಿ ಎಂಬ ಚರ್ಮವಾದ್ಯದ ಒಂದು ಪೆಟ್ಟು ಹೊಸ ಫೈಲಿಗೆ ನುಸುಳಿದರೂ ಕಂಪನಿಯ ಸ್ವತ್ತು ಒಳಗೆ ಬಂದಂತೆಯೇ.

ಕೋಣೆಗೆ ಮೊದಲು ಗೋಣಿಚೀಲ ಕಟ್ಟಿದ್ದೆವು, ಪ್ರಯೋಜನವಾಗಲಿಲ್ಲ. ತೆಳು ಗೋಣಿ ಕಂಚಿನಂಥ ಚೂಪು ಸದ್ದನ್ನಷ್ಟೇ ಸ್ವಲ್ಪ ಹೀರುತ್ತದೆ, ಗುಂಯ್‌ಗುಡುವಿಕೆ ಹಾಗೇ ಇರುತ್ತದೆ. ದಪ್ಪ ಕಂಬಳಿಯನ್ನು ಗೋಡೆಯಿಂದ ನಾಲ್ಕು ಇಂಚು ಮುಂದಕ್ಕೆ ಇಳಿಬಿಟ್ಟ ಮೇಲೆ ಸರಿಹೋಯಿತು. ಫ್ರಿಜ್ಜು, ಇನ್ವರ್ಟರ್ ಬಂದ್, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ. ಹಾಡುವುದೆಲ್ಲ ಸಂಜೆ ಐದರೊಳಗೆ ಮುಗಿಸಲೇಬೇಕು, ಕತ್ತಲಾದರೆ ಜೀರುಂಡೆ. ಅದರ ಸದ್ದನ್ನು ತೆಗೆಯಲು ಹೋದರೆ ಹಾಡಿನ ಸ, ಶಗಳೂ ಮೊಂಡಾಗುತ್ತವೆ.

ದುಡಿಯ ಚರ್ಮಕ್ಕೆ ಈ ಊರಿನ ಥಂಡಿ ಆಗಿಬರುವುದಿಲ್ಲ. ಎರಡು ಹಾಡಿನ ನಂತರ ನಾದ ಇಳಿದು ದಬದಬ ಅನ್ನತೊಡಗಿತು. ಬಾರಿಸುವ ಹಿರಿಯರು ಅಡುಗೆಮನೆಗೆ ಹೋಗಿ ಒಲೆಯಿಂದ ಒಂದು ಮೊಳ ದೂರ ಹಿಡಿದು ತಿರುಗಿಸುತ್ತಾ ಕಾಯಿಸಿದರು. “ಹತ್ತಿರ ಹಿಡಿದರೆ ಬಿರಿಯುತ್ತೆ ಮಗ, ಬಿಸಿಗಿಂತ ಒಣಗೋದು ಮುಖ್ಯ.” ಪ್ರತಿ ಟೇಕಿಗೆ ಮೊದಲು ಒಂದು ಪೆಟ್ಟು ಮುದ್ರಿಸಿಕೊಂಡು ಹಿಂದಿನದಕ್ಕೆ ಹೋಲಿಸಿದೆವು. ಇಲ್ಲದಿದ್ದರೆ ಎರಡು ಟೇಕು ಅಂಟಿಸುವಾಗ ದುಡಿ ಬೇರೆಯದೇ ಅನಿಸುತ್ತದೆ.

ದುಡಿ, ಕೊಳಲು, ಹಾರ್ಮೋನಿಯಂನವರ ಸಹಿ ಊಟಕ್ಕೆ ಮುಂಚೆಯೇ ತಗೊಂಡೆವು. ಸಂಜೆ ದುಡ್ಡು ಕೊಡುವ ಗಡಿಬಿಡಿಯಲ್ಲಿ ಯಾರೂ ಕಾಗದ ಓದುವುದಿಲ್ಲ. ಅವಧಿಯನ್ನೂ ‘ಜಗತ್ತಿನಾದ್ಯಂತ’ ಎಂಬುದನ್ನೂ ಬಿಡಿಸಿ ಬರೆಯಬೇಕು. ಇಲ್ಲದಿದ್ದರೆ ಅದೇ 19ನೇ ಕಲಮು ನಮಗೇ ತಿರುಗಿಬೀಳುತ್ತದೆ: ಐದು ವರ್ಷ, ಭಾರತ ಮಾತ್ರ. ಹೊಸ ಮುದ್ರಿಕೆಗೆ ಹೊಸ ಐಎಸ್ಆರ್‌ಸಿ ಸಂಖ್ಯೆ (ಪ್ರತಿ ಮುದ್ರಿಕೆಯನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಬೇಕು, ಹಾಡೊಂದಕ್ಕೆ 12 ಅಕ್ಷರ-ಅಂಕಿ. ಹಳೆಯದನ್ನೇ ಹಾಕಿದರೆ ಲೆಕ್ಕ ಹಳೆ ಖಾತೆಗೇ ಹೋಗುತ್ತದೆ.

ಮುದ್ರಿಕೆಗೆ ಮುಂದಾಳಾಗಿ ಜವಾಬ್ದಾರಿ ಹೊತ್ತವರೇ ಕಾನೂನಿನ ಕಣ್ಣಿಗೆ ನಿರ್ಮಾಪಕರು. ಇಲ್ಲಿ ಅದು ಅಕ್ಕ. ಆದರೆ ಸೌಂಡಿನವರು ಬಿಲ್ಲನ್ನು ವಾದ್ಯಸಂಯೋಜಕರ ಹೆಸರಿಗೆ ಬರೆದಿದ್ದರು, ದಿನಾ ಹಾಗೇ ಬರೆಯುವ ಅಭ್ಯಾಸ. ಅಷ್ಟರಲ್ಲಿ ಕರೆಂಟು ಹೋಗಿತ್ತು. ಮೊಬೈಲ್ ಬೆಳಕಿನಲ್ಲಿ ಆ ಹಾಳೆ ಹರಿದು, ಅಕ್ಕನ ಹೆಸರಿಗೆ ಇನ್ನೊಂದು ಬರೆದುಕೊಟ್ಟರು.