ಮೊದಲ ಸಲ ಕ್ಯಾರವಾನ್‌ನಲ್ಲಿ ಹೋಗೋದಾದ್ರೆ ಏನೇನು ಒಯ್ಯಬೇಕು?

ಕಳೆದ ಜನವರಿಯಲ್ಲಿ ನಾವು ಶಿರಸಿಯಿಂದ ಹೊರಟು ಐದು ದಿನ ಕ್ಯಾರವಾನ್‌ನಲ್ಲಿ, ಅಂದರೆ ಒಳಗೇ ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಇರುವ ಗಾಡಿಯಲ್ಲಿ, ಕರಾವಳಿ ಸುತ್ತಿ ಬಂದೆವು. ನಾನು, ನಮ್ಮನೆಯವರು, ಇಬ್ಬರು ಮಕ್ಕಳು, ಅತ್ತೆ. ಗಾಡಿ ಬಾಡಿಗೆಯದು, ಡ್ರೈವರ್ ಸಮೇತ ಬಂದಿತ್ತು. ಅವತ್ತಿನಿಂದ ಮದುವೆಮನೆಯಲ್ಲಿ ಸಿಕ್ಕವರೂ ಕೇಳುತ್ತಾರೆ, ಸೊಸೈಟಿಯ ಸಾಲಲ್ಲಿ ನಿಂತವರೂ ಕೇಳುತ್ತಾರೆ. "ನಾವೂ ಹೋಗ್ಬೇಕು ಅಂತಿದ್ದೇವೆ, ಏನೇನು ಕಟ್ಟಿಕೊಳ್ಳೋದು?"

ನನ್ನ ಉತ್ತರ ಇಷ್ಟೇ. ಹಗಲಿಗೆ ಬೇಕಾದ್ದು ದಾರಿಯಲ್ಲಿ ಸಿಗುತ್ತದೆ. ರಾತ್ರಿಗೆ ಬೇಕಾದ್ದನ್ನು ಮನೆಯಿಂದ ಒಯ್ಯಿರಿ.

ನಾನೂ ಮೊದಲು ಅಡುಗೆಮನೆಯಿಂದಲೇ ಶುರುಮಾಡಿದ್ದೆ. ಕುಕ್ಕರ್, ಹತ್ತು ಕೆಜಿ ಅಕ್ಕಿ, ಡಬ್ಬಿಗಳ ಮೇಲೆ ಡಬ್ಬಿ. ಆದರೆ ಹೊನ್ನಾವರದಿಂದ ಕಾರವಾರದವರೆಗೆ 66ನೇ ಹೆದ್ದಾರಿಯ ಉದ್ದಕ್ಕೂ ಹೋಟೆಲಿವೆ, ಅಂಗಡಿಗಳಿವೆ. ತರಕಾರಿಯಂತೂ ಹೊತ್ತು ಒಯ್ಯುವುದೇ ಬೇಡ. ಗೋಕರ್ಣ, ಅಂಕೋಲಾ ಕಡೆ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರು ತಾವೇ ಬೆಳೆದ ಸೊಪ್ಪು, ಬದನೆಕಾಯಿ ತಂದು ಕೂತಿರುತ್ತಾರೆ. ಅಷ್ಟು ತಾಜಾ ನಮ್ಮ ಫ್ರಿಜ್‌ನಲ್ಲೂ ಇರುವುದಿಲ್ಲ. ಕಷ್ಟ ಬರುವುದು ರಾತ್ರಿ ಹತ್ತೂವರೆಗೆ. ಅಂಗಡಿ ಮುಚ್ಚಿರುತ್ತದೆ, ಮಗುವಿಗೆ ಹೊಟ್ಟೆನೋವು, ಅತ್ತೆಗೆ ಕೆಳಗಿಳಿಯಬೇಕು, ಹೊರಗೆ ಕತ್ತಲೆ. ಆಗ ಗಾಡಿಯೊಳಗೆ ಇದ್ದದ್ದೇ ಗತಿ.

ಅದಕ್ಕೇ ನನ್ನ ಚೀಟಿಯಲ್ಲಿ ಮೊದಲು ಬರುವುದು ಕಾರ್ಬನ್ ಮಾನಾಕ್ಸೈಡ್ ಅಲಾರಂ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ನಿಲ್ಲಿಸಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಈ ಅನಿಲದಿಂದ ತೀರಿಕೊಂಡರು. ಆ ಸುದ್ದಿ ಓದಿದ ಮೇಲೆ ನನಗೆ ಬಹಳ ದಿನ ನೆಮ್ಮದಿ ಇರಲಿಲ್ಲ. ಎಂಜಿನ್, ಜನರೇಟರ್‌ಗಳ ಹೊಗೆಯಲ್ಲಿ ಬರುವ ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಎಂಜಿನ್ ಅಥವಾ ಜನರೇಟರ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗುವುದು ಬೇಡವೇ ಬೇಡ. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಅಲಾರಂ ಸಿಗುತ್ತದೆ. ಮಲಗುವ ಜಾಗದ ಹತ್ತಿರ ಇಡಿ, ದಿನಾ ಅದರ ಗುಂಡಿ ಒತ್ತಿ ಪರೀಕ್ಷೆ ಮಾಡಿ. ಅಡುಗೆ ಗ್ಯಾಸ್ ಇದ್ದರೆ, ಗಾಡಿ ಓಡುವಾಗಲೂ ಮಲಗುವಾಗಲೂ ಸಿಲಿಂಡರಿನ ತಲೆಯಲ್ಲೇ ಬಂದ್ ಮಾಡಿ. ಆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ತುಂಬಿಕೊಳ್ಳುತ್ತದೆ.

ಎಸಿ ಇಲ್ಲದೆ ಹೇಗೆ ಅಂತ ಕೇಳ್ತೀರಿ ಅಲ್ವಾ? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ನಮ್ಮ ಗಾಡಿಯ ಬ್ಯಾಟರಿ 12 ವೋಲ್ಟ್, 200 ಆಂಪಿಯರ್ ಅವರ್. ಗುಣಿಸಿದರೆ 2400 ವ್ಯಾಟ್ ಅವರ್ (ಒಂದು ವ್ಯಾಟಿನ ಸಾಮಾನು ಒಂದು ತಾಸು ನಡೆದರೆ ಒಂದು ವ್ಯಾಟ್ ಅವರ್ ಖರ್ಚು). ಆ ತರಹದ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ಹಾಗಾಗಿ ಕೈಗೆ ಸಿಗುವುದು 1200. 25 ವ್ಯಾಟಿನ ಎರಡು ಫ್ಯಾನ್ ಎಂಟು ತಾಸು ತಿರುಗಿದರೆ 400 ಖರ್ಚು. ಲೈಟು, ಮೊಬೈಲು ಎಲ್ಲ ಸೇರಿದರೂ ರಾತ್ರಿ ಆರಾಮಾಗಿ ಕಳೆಯುತ್ತದೆ. ಅದೇ 1800 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದರೆ ನಲವತ್ತು ನಿಮಿಷಕ್ಕೆ ಅಷ್ಟೂ ಮುಗಿಯಿತು. ಎಸಿ ಬೇಕೇ ಬೇಕು ಅನ್ನುವವರು ಕರೆಂಟ್ ಕೊಡುವ ಹೋಂಸ್ಟೇ ಅಂಗಳದಲ್ಲಿ ಕೇಳಿಕೊಂಡು ನಿಲ್ಲಿಸಬೇಕು. ಅದಕ್ಕೆ ದಪ್ಪ ತಂತಿಯ, 15 ಆಂಪಿಯರಿನ ಉದ್ದ ಎಕ್ಸ್‌ಟೆನ್ಷನ್ ಬೋರ್ಡ್ ನಿಮ್ಮದೇ ಇರಲಿ. ಸುತ್ತಿಟ್ಟ ತಂತಿ ಬಿಸಿಯಾಗುತ್ತದೆ, ಪೂರ್ತಿ ಬಿಚ್ಚಿ ಹಾಸಿ.

ಡ್ರೈವರಣ್ಣನ ಹಾಸಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವೂ ಹೊರಡುವ ಹಿಂದಿನ ದಿನದವರೆಗೆ ಯೋಚಿಸಿರಲಿಲ್ಲ. ಗಾಡಿಯಲ್ಲಿ ಮಲಗಲು ಇದ್ದದ್ದು ನಮ್ಮ ಐವರಿಗೆ ಸಾಲುವಷ್ಟು ಜಾಗ. ಹಗಲಿಡೀ ಘಟ್ಟದ ತಿರುವಿನಲ್ಲಿ ನಮ್ಮ ಜೀವ ಅವರ ಕೈಯಲ್ಲಿ. ರಾತ್ರಿ ಅವರು ಸೀಟಿನಲ್ಲಿ ಮುದುಡಿ ಮಲಗುವುದು ಸರಿಯಲ್ಲ. ಒಂದು ಸಣ್ಣ ಟೆಂಟ್, ಚಾಪೆ, ಕಂಬಳಿ, ಸೊಳ್ಳೆಪರದೆ ಒಯ್ದೆವು. ಹೋಂಸ್ಟೇ ಜಗಲಿಯಲ್ಲಿ ಹಾಕಿಕೊಟ್ಟೆವು.

ಇನ್ನು ಅತ್ತೆಯ ಮಣೆ. ಅವರಿಗೆ ಮಂಡಿನೋವು. ಗಾಡಿಯ ಮೊದಲ ಮೆಟ್ಟಿಲು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿತ್ತು. ನಮ್ಮ ಓಣಿಯ ಆಚಾರಿ ಎಂಟು ಇಂಚು ಎತ್ತರದ ಒಂದು ಮರದ ಮಣೆ ಮಾಡಿಕೊಟ್ಟರು. ಎರಡು ಕಾಲೂ ಊರಿ ನಿಲ್ಲುವಷ್ಟು ಅಗಲ. ಕಾಲಿನ ಅಡಿಗೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಮೊಳೆ ಹೊಡೆದಿದ್ದರು, ಜಾರದ ಹಾಗೆ. ಮೇಲಿನ ಅಂಚಿಗೆ ನಮ್ಮನೆಯವರು ಬಿಳಿ ಪೇಂಟಿನ ಗೆರೆ ಎಳೆದರು. ಕತ್ತಲಲ್ಲಿ ಅತ್ತೆ ಆ ಬಿಳಿ ಗೆರೆ ನೋಡಿಕೊಂಡು, ಬಾಗಿಲಿನ ಹಿಡಿಕೆ ಹಿಡಿದು, ಯಾರನ್ನೂ ಎಬ್ಬಿಸದೆ ಇಳಿದು ಹತ್ತಿದರು. ಐದು ದಿನದಲ್ಲಿ ಅವರಿಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಅದೇ ಅಂತ ನನಗೆ ಅನಿಸುತ್ತದೆ.

ಘಟ್ಟ ಇಳಿಯುವ ಮೊದಲು ಎಲ್ಲ ಕಪಾಟಿನ ಚಿಲಕ ಒಮ್ಮೆ ಒತ್ತಿ ನೋಡಿ. ದೇವಿಮನೆ ಘಟ್ಟದ ತಿರುವಿನಲ್ಲಿ ನಮ್ಮ ಮೇಲಿನ ಕಪಾಟು ತೆರೆದುಕೊಂಡಿತು. ಮಿಡಿ ಉಪ್ಪಿನಕಾಯಿಯ ಭರಣಿ ಮಗಳ ಕಾಲಿನ ಪಕ್ಕದಲ್ಲೇ ಬಿದ್ದು ಒಡೆಯಿತು. ಇನ್ನೊಂದು ಗೇಣು ಆಚೆಗಾಗಿದ್ದರೆ ಪಾದದ ಮೇಲೇ ಬೀಳುತ್ತಿತ್ತು. ಖಾರದ ರಸ ಹರಿದು ಹಾಸಿಗೆಯ ಅಂಚಿಗೆ ಮುಟ್ಟಿತ್ತು. ಪಿಂಗಾಣಿ, ಗಾಜು ಮನೆಯಲ್ಲೇ ಇರಲಿ. ಭಾರದ್ದೆಲ್ಲ ಕೆಳಗೆ, ಹಗುರದ್ದು ಮೇಲೆ. ಘಟ್ಟದಲ್ಲಿ ವಾಂತಿಯಾಗುವ ಮಕ್ಕಳಿದ್ದರೆ ಡಾಕ್ಟರನ್ನು ಕೇಳಿ ಮಾತ್ರೆಯನ್ನು ಮೊದಲೇ ಕೊಟ್ಟಿರಿ. ನಿಂಬೆಹಣ್ಣು, ಗಟ್ಟಿ ಕವರುಗಳು ಕೈಗೆಟಕುವಲ್ಲಿ ಇರಲಿ.

ಅಡುಗೆಗೆ ಒಂದೇ ನಿಯಮ: ರುಬ್ಬುವ ಕೆಲಸ ಇರಬಾರದು. ಅವಲಕ್ಕಿ, ಚಟ್ನಿಪುಡಿ, ಜೋನಿಬೆಲ್ಲ, ಒಣಗಿದ ಮುರುಗಲ (ಕೋಕಂ) ಸಿಪ್ಪೆ. ಸಿಪ್ಪೆ ನೆನೆಸಿ, ಉಪ್ಪು, ಬೆಲ್ಲ, ಹಸಿಮೆಣಸು ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಸಾರು ಆಯಿತು. ಎರಡು ಕೆಜಿ ಅಕ್ಕಿ ಧಾರಾಳ.

ನೀರು ತುಂಬಲು ಸ್ವಂತ ಪೈಪು ಒಯ್ಯಿರಿ, ಜೊತೆಗೆ ಅರ್ಧ ಇಂಚು ಮತ್ತು ಮುಕ್ಕಾಲು ಇಂಚು ಎರಡೂ ಅಳತೆಯ ನಲ್ಲಿ ಕನೆಕ್ಟರ್. ಕಡಲ ಹತ್ತಿರದ ಬಾವಿ ನೀರು ಕೆಲವು ಕಡೆ ಉಪ್ಪುಪ್ಪು ಇರುತ್ತದೆ, ಟ್ಯಾಂಕ್ ತುಂಬುವ ಮೊದಲು ವಿಚಾರಿಸಿ. ಕುಡಿಯುವ ನೀರಿನ ಕ್ಯಾನ್ ಬೇರೆಯೇ ಇರಲಿ. ಗಾಡಿಯೊಳಗಿನ ಶೌಚದ ಡಬ್ಬಿ ಖಾಲಿ ಮಾಡಲು ರಬ್ಬರ್ ಗ್ಲೌಸ್ ಬೇಕು. ಖಾಲಿ ಮಾಡುವುದು ಶೌಚಾಲಯದಲ್ಲಿ ಮಾತ್ರ, ಅದೂ ಆ ಜಾಗದವರ ಒಪ್ಪಿಗೆ ಪಡೆದು. ಇದನ್ನು ಒತ್ತಿ ಹೇಳ್ತೇನೆ. ಅಘನಾಶಿನಿ ನದಿಯ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು ಕೆಸರಿಗಿಳಿದು ಬರಿಗೈಯಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಾರೆ. ಅದು ಅವರ ಅನ್ನ. ನಮ್ಮ ಗಾಡಿಯ ಕೊಳೆ ನೀರು ಅಲ್ಲಿಗೆ ಹೋಗಬಾರದು.

ಬಟ್ಟೆಯ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ದಪ್ಪ ಟರ್ಕಿ ಟವೆಲ್ ಕರಾವಳಿಯ ಗಾಳಿಯಲ್ಲಿ ಒಣಗುವುದಿಲ್ಲ, ತೆಳು ಪಂಚೆ ಒಯ್ಯಿರಿ. ಬಾಗಿಲ ಬಳಿ ಒಂದು ಬಕೆಟ್ ನೀರು, ಒಂದು ನಾರಿನ ಮ್ಯಾಟ್. ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ಹೊಯಿಗೆ (ಮರಳು) ಒಮ್ಮೆ ಹಾಸಿಗೆಗೆ ಸೇರಿತೆಂದರೆ ರಾತ್ರಿಯಿಡೀ ಮೈ ಚುಚ್ಚುತ್ತದೆ.

ಟಾರ್ಚು ಎರಡಿರಲಿ. ಒಂದರ ಗಾಜಿಗೆ ಕೆಂಪು ಬಣ್ಣದ ಹಾಳೆ ಕಟ್ಟಿಕೊಳ್ಳಿ. ಚಳಿಗಾಲದ ರಾತ್ರಿಗಳಲ್ಲಿ ಹೊನ್ನಾವರದ ಕಾಸರಕೋಡು ಕಡೆ ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ಬಿಳಿ ಬೆಳಕು ಕಂಡರೆ ಹೆದರಿ ತಿರುಗಿ ಹೋಗುತ್ತವೆ. ನಮಗೆ ಆಮೆ ಕಾಣಲಿಲ್ಲ. ಆದರೂ ಮಗ ಐದೂ ರಾತ್ರಿ ಕೆಂಪು ಟಾರ್ಚನ್ನೇ ಹಿಡಿದು ಓಡಾಡಿದ.

ಅತ್ತೆಯ ಮಣೆ ಈಗ ನಮ್ಮ ಹಿತ್ತಲ ಬಾಗಿಲಲ್ಲಿದೆ. ಪರಿಚಯದವರು ಯಾರಾದರೂ ಹೊರಟಿದ್ದರೆ ಬಂದು ಒಯ್ಯಿರಿ. ಡಿಸೆಂಬರಿನ ಒಳಗೆ ವಾಪಸ್ ತಂದುಕೊಟ್ಟರೆ ಸಾಕು. ಆಗ ನಾವು ಮತ್ತೆ ಹೊರಡ್ತೇವೆ.