ಹೂವು ಕಟ್ಟುವ ಕೈಗಳು: ಮಾರ್ಕೆಟ್ ಸರಣಿ ಎಲ್ಲಿಗೆ ಬಂತು

ಕೆ.ಆರ್. ಮಾರ್ಕೆಟ್‌ನ ಹೂವಿನವರನ್ನು ಫೋನಿನಲ್ಲಿ ತೆಗೆಯುತ್ತಿರುವ ನನ್ನ ಫೋಟೋ ಸರಣಿ ಈಗ ಒಂದು ಹದಕ್ಕೆ ಬಂದಿದೆ. ಮೊದಲು ಮನಸ್ಸಿನಲ್ಲಿದ್ದದ್ದು ಎಲ್ಲರೂ ತೆಗೆಯುವ ಫೋಟೋವೇ. ಮೇಲಿನ ಮಹಡಿಯಿಂದ ಬಗ್ಗಿ ನೋಡಿದರೆ ಕೆಳಗೆ ಚೆಂಡು ಹೂವು, ಸೇವಂತಿಗೆ, ಗುಲಾಬಿ ರಾಶಿ ರಾಶಿ. ಚೆನ್ನಾಗಿಯೇ ಬರುತ್ತದೆ, ಆದರೆ ಅದು ಬೆಂಗಳೂರಿನ ಅರ್ಧ ಜನರ ಫೋನಿನಲ್ಲಿದೆ. ದಾರಿ ಬದಲಾದದ್ದು ಮಲ್ಲಿಗೆ ಕಟ್ಟುತ್ತಿದ್ದ ಅಕ್ಕನೊಬ್ಬರಿಂದ. ಫೋಟೋ ತೆಗೀಲಾ ಎಂದು ಕೇಳಿದ್ದಕ್ಕೆ, "ಮುಖ ಬ್ಯಾಡ ಕಣಣ್ಣ, ಬೇಕಾದ್ರೆ ಕೈದು ತಕ್ಕೋ. ಹಂಗೇ ಒಂದು ಮಾರು ಹೂವೂ ತಕ್ಕೋ" ಅಂದರು. ಅವತ್ತಿನಿಂದ ಬರೀ ಕೈಗಳು. ಮನೆಯಲ್ಲಿ ದೇವರ ಪಟಗಳಿಗೆಲ್ಲ ಧಾರಾಳವಾಗಿ ಹೂವು.

ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ ಇಟ್ಟು, ದಾರ ಸುತ್ತಿ, ಬೆರಳ ಮೇಲೆ ಕುಣಿಕೆ ಮಾಡಿ ಎಳೆದರೆ ಒಂದು ಗಂಟು. ನನಗೆ ಬೇಕಾದದ್ದು ಆ ಎಳೆಯುವ ಹೊತ್ತು. ದಾರ ಬಿಗಿಯಾಗಿ ಎದ್ದು ಕಾಣುವುದು ಆಗ ಮಾತ್ರ. ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೆರಳು ಮುಂದಿನ ಮೊಗ್ಗಿಗೆ ಹೋಗಿರುತ್ತದೆ.

ಇದಕ್ಕೆ ಅಡ್ಡ ಬಂದದ್ದು ಬೆಳಕು. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿಗೆ ಬಂದಾಗ ಮೊದಮೊದಲು ದೀಪ ಹತ್ತಿದ ಜಾಗಗಳಲ್ಲಿ ಈ ಮಾರುಕಟ್ಟೆಯ ಸುತ್ತಮುತ್ತಲೂ ಸೇರಿತ್ತು ಅನ್ನುತ್ತಾರೆ. ಈಗ ಬೆಳಗಿನ ಜಾವ ಇಲ್ಲಿ ಪ್ರತಿ ಬುಟ್ಟಿಯ ತಲೆ ಮೇಲೂ ಒಂದು ಎಲ್‌ಇಡಿ ಬಲ್ಬು. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸ್, ಅಂದರೆ ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಫೋನಿನ ಸೆನ್ಸರ್ ಮಾತ್ರ ಚಿತ್ರವನ್ನು ಒಂದೊಂದೇ ಸಾಲಾಗಿ ಓದುತ್ತದೆ, ಹಾಗಾಗಿ ಶಟರ್ ವೇಗ ಹೆಚ್ಚಿದ್ದರೆ, ಅಂದರೆ ಬೆಳಕು ಹಿಡಿಯುವ ಹೊತ್ತು ತೀರ ಕಡಿಮೆಯಿದ್ದರೆ, ಕೆಲವು ಸಾಲಿಗೆ ಬೆಳಕು, ಕೆಲವಕ್ಕೆ ಮಬ್ಬು. ಬೆರಳುಗಳ ಮೇಲೆ ಅಡ್ಡಡ್ಡ ಪಟ್ಟೆ ಬೀಳುತ್ತದೆ. ಆಟೋ ಮೋಡ್ ಬಿಟ್ಟು, ಎಲ್ಲವನ್ನೂ ನಾವೇ ಹೊಂದಿಸುವ ಪ್ರೋ ಮೋಡ್‌ಗೆ ಹೋಗಿ ಶಟರ್ 1/100 ಸೆಕೆಂಡಿಗೆ (ಬಲ್ಬು ಒಂದು ಸಲ ಮಂಕಾಗಿ ಬೆಳಗುವಷ್ಟು ಹೊತ್ತು) ನಿಲ್ಲಿಸಿದ ಮೇಲೆ ಪಟ್ಟೆ ಮಾಯ. 1/50ಕ್ಕೂ ಪಟ್ಟೆ ಬರುವುದಿಲ್ಲ, ಆದರೆ ಕೈ ಕಲಸಿದಂತೆ ಕಾಣುತ್ತದೆ. ಫೋನಿನಲ್ಲಿ ಅಪರ್ಚರ್ (ಬೆಳಕು ಒಳಬರುವ ಕಂಡಿ) ಬದಲಾಯಿಸಲು ಸಾಮಾನ್ಯವಾಗಿ ಬರುವುದಿಲ್ಲವಾದ್ದರಿಂದ ಉಳಿದದ್ದು ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಚುರುಕು) ಒಂದೇ. 400ರಿಂದ 800ರ ಒಳಗೆ ಇಡುತ್ತೇನೆ. ಸ್ವಲ್ಪ ಕಾಳು ಕಾಳಾಗಿ ಬಂದರೂ ಚಿಂತೆಯಿಲ್ಲ. ಆ ಕಾಳು, ಅಂದರೆ ನಾಯ್ಸ್, ಒರೆಸಲು ಹೋದರೆ ಚರ್ಮದ ಸುಕ್ಕೂ ಹೋಗುತ್ತದೆ, ಸುಕ್ಕಿಲ್ಲದ ಆ ಕೈಯನ್ನು ಯಾರು ನೋಡಬೇಕು?

ಒಂದು 8 × 12 ಇಂಚಿನ ಪ್ರಿಂಟ್ ಹಾಕಿಸಿ ಅಕ್ಕನಿಗೆ ಕೊಟ್ಟೆ. ಬೆಳಕು, ಬಣ್ಣ ಯಾವುದೂ ಅವರಿಗೆ ಲೆಕ್ಕಕ್ಕಿಲ್ಲ. "ಇದ್ಯಾಕೆ ಗಂಟು ಸಡಿಲ ಐತೆ? ಬೇರೆ ತೆಗಿ." ತೆಗೆದೆ.

ಚೆಂಡು ಹೂವು ಇನ್ನೊಂದು ಬಗೆಯ ತಲೆನೋವು. ಕಿತ್ತಳೆ ಬಣ್ಣದ ರಾಶಿಯಲ್ಲಿ ಕೆಂಪು ಚಾನೆಲ್ (ಚಿತ್ರದಲ್ಲಿ ಕೆಂಪು ಬಣ್ಣದ ಪಾಲು) ಎಲ್ಲಕ್ಕಿಂತ ಮೊದಲು ತುಂಬಿಬಿಡುತ್ತದೆ. ಒಟ್ಟು ಚಿತ್ರ ಸರಿಯಾಗಿದೆ ಎಂದು ಕ್ಯಾಮೆರಾ ಅಂದುಕೊಂಡಾಗಲೇ ಎಸಳುಗಳು ಸೇರಿ ಒಂದೇ ಮುದ್ದೆಯಾಗಿರುತ್ತವೆ. ಪ್ರೋ ಮೋಡ್ ಇಲ್ಲದ ಫೋನಿನಲ್ಲೂ ಇದಕ್ಕೆ ಉಪಾಯವಿದೆ: ಹೂವಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಕೆಳಗೆ ಎಳೆಯುವುದು. ತೆರೆಯಲ್ಲಿ ತುಸು ಕತ್ತಲೆ ಅನಿಸುವಷ್ಟು ಇಳಿಸಿದರೆ ಎಸಳು ಎಸಳಾಗಿ ಬಿಡಿಸಿಕೊಳ್ಳುತ್ತದೆ. ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಕಿತ್ತಳೆಯನ್ನು ಯಾವ ಆ್ಯಪ್ ಕೂಡ ವಾಪಸ್ ತರುವುದಿಲ್ಲ.

ಬೆಳಕು ಹರಿದ ಮೇಲೆ ನೀಲಿ ಟಾರ್ಪಾಲಿನ ಕಾಟ. ಅದರಡಿ ಮಲ್ಲಿಗೆಗೆ ನೀಲಿ ಅದ್ದಿದ ಬಿಳಿ ಪಂಚೆಯ ಬಣ್ಣ. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ) ಅನ್ನು 7000 ಕೆಲ್ವಿನ್ ಹತ್ತಿರ ಇಟ್ಟರೆ ಸುಮಾರಾಗಿ ಸರಿಹೋಗುತ್ತದೆ, ಪೂರ್ತಿ ಅಲ್ಲ. ಟಾರ್ಪಾಲಿನ ಅಂಚಿಗೆ ಕೂತವರನ್ನು ಹುಡುಕುವುದೇ ವಾಸಿ.

ಝೂಮ್ ಮುಟ್ಟುವುದನ್ನು ಬಿಟ್ಟಿದ್ದೇನೆ, ಕುಕ್ಕರಗಾಲಲ್ಲಿ ಕೂತು ಹತ್ತಿರ ಹೋಗುತ್ತೇನೆ. ಕೂರುವ ಮುಂಚೆ ಲೆನ್ಸನ್ನು ಅಂಗಿಯ ತುದಿಯಲ್ಲಿ ಒರೆಸುವುದು ಅಭ್ಯಾಸವಾಗಿದೆ. ಮೊಣಕೈ ಪಕ್ಕೆಗೆ ಆನಿಸಿ, ವಾಲ್ಯೂಮ್ ಬಟನ್ ಒತ್ತಿದರೆ ಅಲುಗಾಟ ಕಡಿಮೆ. ಎಡಿಟ್ ಮಾಡುವಾಗ ತೆರೆಯ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಪ್ರಿಂಟು ಕಪ್ಪಗೆ ಬರುತ್ತದೆ. 12 ಮೆಗಾಪಿಕ್ಸೆಲ್ ಅಂದರೆ 4000 × 3000 ಚುಕ್ಕೆ. ಇಂಚಿಗೆ 300ರಂತೆ 13 × 10 ಇಂಚಿನವರೆಗೆ ಧೈರ್ಯವಾಗಿ ಹಾಕಿಸಬಹುದು. ಗೋಡೆಗೆ ಅಷ್ಟು ಸಾಕು.

ಮುಂದಿನದು ಮದುವೆ ಹಾರ. ಸುಗಂಧರಾಜವನ್ನು ಉದ್ದನೆಯ ಸೂಜಿಯಲ್ಲಿ ಪೋಣಿಸುತ್ತಾರೆ, ಆ ಸೂಜಿ ಬಲ್ಬಿನ ಕೆಳಗೆ ಬಿಳಿ ಗೀಟಾಗಿ ಉರಿದುಹೋಗುತ್ತಿದೆ. ನೇರ ಬೆಳಕಿಗೆ ಅಡ್ಡ ನಿಂತು, ಇನ್ನೊಂದು ಕಡೆಯಿಂದ ಬಿಳಿ ಥರ್ಮಾಕೋಲ್ ಹಲಗೆಯಲ್ಲಿ ಬೆಳಕು ತಿರುಗಿಸಿ ನೋಡಬೇಕು. ಹಲಗೆ ಹಿಡಿಯಲು ತಮ್ಮನನ್ನು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಬೇಕು. ಖಾಲಿ ದೋಸೆ ಕೊಡಿಸುತ್ತೇನೆ ಅಂದಿದ್ದೇನೆ, ಇನ್ನೂ ಒಪ್ಪಿಲ್ಲ. ವರಮಹಾಲಕ್ಷ್ಮಿ ಹಬ್ಬದ ನೂಕುನುಗ್ಗಲು ಶುರುವಾಗುವುದರೊಳಗೆ ಇದನ್ನು ಮುಗಿಸಬೇಕು.