ಕವರಿನ ಮೇಲೆ ಬರೆದ 1-0-0

"ಮೇಡಂ, ಇದು ಕ್ಯಾನ್ಸರ್ ಮಾತ್ರೆ ಅಲ್ವಾ? ಬೆಳಿಗ್ಗೆ ಒಂದಾ?"

ಮೆಡಿಕಲ್ ಶಾಪಿನ ಹುಡುಗ ಒಂದೇ ಉಸಿರಿನಲ್ಲಿ ಎರಡೂ ಕೇಳಿಬಿಟ್ಟ. ಹೊಸಬ. ಪಕ್ಕದಲ್ಲಿದ್ದ ಚಿಕ್ಕಮ್ಮನ ಕಿವಿಗೆ ಮೊದಲನೆಯ ಪ್ರಶ್ನೆ ಮಾತ್ರ ಬಿತ್ತು. "ಏನೇ ಇದು? ಸಂಧಿವಾತ ಅಂದಿದ್ದೆಯಲ್ಲೇ!" ಅಂತ ನನ್ನ ತೋಳು ಹಿಡಿದುಕೊಂಡರು. ಹಿಂದೆ ನಿಂತಿದ್ದವರೆಲ್ಲ ನನ್ನನ್ನೇ ನೋಡತೊಡಗಿದರು. ಅಷ್ಟರಲ್ಲಿ ಹುಡುಗ ನನ್ನ ಸಂಧಿವಾತದ ಮಾತ್ರೆ ಮೆಥೊಟ್ರೆಕ್ಸೇಟಿನ ಕವರಿನ ಮೇಲೆ ಪೆನ್ನಿನಲ್ಲಿ 1-0-0, ಅಂದರೆ ದಿನಾ ಬೆಳಿಗ್ಗೆ ಒಂದು, ಮಧ್ಯಾಹ್ನ ರಾತ್ರಿ ಇಲ್ಲ, ಎಂದು ಬರೆದೂ ಆಗಿತ್ತು.

"ದಿನಾ ಅಲ್ಲಪ್ಪಾ, ವಾರಕ್ಕೆ ಒಂದೇ ದಿನ" ಎಂದೆ. "ಹೌದಾ ಮೇಡಂ?" ಎಂದು ಚೀಟಿ ನೋಡಿದ. ತಪ್ಪು ಪೂರ್ತಿ ಅವನದೂ ಅಲ್ಲ. ವಾರಕ್ಕೊಮ್ಮೆ ಅನ್ನುವುದನ್ನು ಡಾಕ್ಟರು ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಮುಗಿಸಿದ್ದರು, ಅದೂ ಅವರ ಕೈಬರಹದಲ್ಲಿ. ಒಳ್ಳೆಯ ಡಾಕ್ಟರು ಅವರು. ಒಂದೊಂದು ಗೆಣ್ಣನ್ನೂ ಒತ್ತಿ ನೋಡದೆ ಕಳಿಸುವವರಲ್ಲ. ಆದರೆ ಆ ಎರಡು ಅಕ್ಷರದ ವಿಷಯದಲ್ಲಿ ಅವರ ಮೇಲೆ ನನಗೆ ಸಿಟ್ಟಿದೆ.

ದಾರಿಯುದ್ದಕ್ಕೂ ಚಿಕ್ಕಮ್ಮನಿಗೆ ಕ್ಯಾನ್ಸರಿನದೇ ಚಿಂತೆ. ಹುಡುಗ ಹೇಳಿದ್ದು ಸುಳ್ಳಲ್ಲ ಎಂದೆ. 1948ರಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟ ಔಷಧಿಯ ಹತ್ತಿರದ ನೆಂಟನೇ ಈ ಮಾತ್ರೆ. ರುಮಟಾಯ್ಡ್ ಆರ್ಥ್ರೈಟಿಸ್‌ಗೆ, ಅಂದರೆ ನನ್ನ ಈ ಸಂಧಿವಾತಕ್ಕೆ, ಅಂತ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಕೆಲವು ಕ್ಯಾನ್ಸರ್‌ಗಳಿಗೆ ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ನಮಗೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ನಾನು ತಗೊಳ್ಳುವ ಇನ್ನೊಂದು ಮಾತ್ರೆ, ಹೈಡ್ರಾಕ್ಸಿಕ್ಲೋರೋಕ್ವಿನ್, ಮಲೇರಿಯಾ ಕಡೆಯದು.

ಚಿಕ್ಕಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರೆ ನಿನ್ನ ಕಾಯಿಲೆಗೆ ಅಂತ ಸ್ವಂತದ್ದು ಒಂದು ಮಾತ್ರೆನೂ ಇಲ್ವಾ?" ಎಂದರು.

ನಗು ತಡೆಯಲಾಗಲಿಲ್ಲ. ಇತ್ತು ಚಿಕ್ಕಮ್ಮ, ಸಲ್ಫಾಸಲಜೀನ್ ಅಂತ. ಸ್ವೀಡನ್ನಿನ ನಾನ್ನಾ ಸ್ವಾರ್ಟ್ಸ್ ಎಂಬ ವೈದ್ಯೆ ಸಂಧಿವಾತಕ್ಕೆಂದೇ ಅದನ್ನು ಮಾಡಿಸಿದರು. ಆಮೇಲೆ ಕರುಳಿನ ಕಾಯಿಲೆಯವರು ಅದನ್ನು ಎತ್ತಿಕೊಂಡು ಹೋದರು. ಈಗ ಇಬ್ಬರೂ ಹಂಚಿಕೊಂಡಿದ್ದೇವೆ.

ಚಿಕ್ಕಮ್ಮ ಸಮಾಧಾನವಾದರು. ನನಗೆ ಆಗಲಿಲ್ಲ. 1-0-0 ತಲೆಯಿಂದ ಇಳಿಯುತ್ತಿಲ್ಲ. ಅಂಗಡಿ ತುಂಬ ಜನ ಬೆಚ್ಚಿದ್ದು ಮೊದಲ ಪ್ರಶ್ನೆಗೆ. ಅಪಾಯ ಇದ್ದದ್ದು ಎರಡನೆಯದರಲ್ಲಿ. "ಬೆಳಿಗ್ಗೆ ಒಂದಾ?" ಅಂತ ಎಷ್ಟು ಮೆತ್ತಗೆ ಕೇಳಿದ ಆ ಹುಡುಗ!

ಮೆಥೊಟ್ರೆಕ್ಸೇಟ್ ಫೋಲೇಟ್ ಅನ್ನುವ ವಿಟಮಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಹೊಸ ಜೀವಕೋಶ ಹುಟ್ಟಬೇಕಾದರೆ ಫೋಲೇಟ್ ಬೇಕು. ಬೇಗ ಬೇಗ ಹೊಸದಾಗುವ ಜಾಗಗಳು ಯಾವುವು? ಬಾಯಿಯ ಒಳಪದರ, ಕರುಳು, ರಕ್ತ ಹುಟ್ಟುವ ಮೂಳೆಮಜ್ಜೆ. ವಾರಕ್ಕೊಮ್ಮೆ ತಗೊಂಡರೆ ಅವಕ್ಕೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಆಸರೆಗೆ ಅಂತ ಫೋಲಿಕ್ ಆಸಿಡ್ ಮಾತ್ರೆಯನ್ನೂ ಕೊಡುತ್ತಾರೆ. ಅದೇ ಮೆಥೊಟ್ರೆಕ್ಸೇಟನ್ನು ದಿನಾ ನುಂಗಿದರೆ ಬಾಯಿ ತುಂಬ ಹುಣ್ಣು, ಬಿಳಿ ರಕ್ತಕಣಗಳ ಕುಸಿತ, ಸೋಂಕು. ಹಾಗೆ ಸತ್ತವರಿದ್ದಾರೆ. ಇದು ಎಷ್ಟು ಸಲ ಆಗಿದೆಯೆಂದರೆ, ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಈ ತಪ್ಪನ್ನು ತಡೆಯಲೆಂದೇ ಹೊಸ ಕ್ರಮಗಳನ್ನು ತಂದಿತು. ಡಬ್ಬಿಯ ಮೇಲೆ ಎಚ್ಚರಿಕೆ, ರೋಗಿಯ ಕೈಗೆ ಕಾರ್ಡು, ಹೀಗೆ.

"ನಿನಗೆ ಗೊತ್ತಿತ್ತಲ್ಲ, ಮತ್ತೇನು?" ಎಂದರು ಮನೆಯಲ್ಲಿ. ನನಗೆ ಗೊತ್ತು, ನಿಜ. ಆದರೆ ನನ್ನ ಮಾತ್ರೆ ಯಾವಾಗಲೂ ನನ್ನ ಕೈಯಲ್ಲಿರುತ್ತದಾ? ಕಾಯಿಲೆ ಕೆರಳಿದ ದಿನ ಬೆಳಿಗ್ಗೆ ಎದ್ದರೆ ಬೆರಳು ಮಡಚುವುದಿಲ್ಲ. ಬಿಗಿತ ಬಿಡಲು ಗಂಟೆಗಿಂತ ಜಾಸ್ತಿ ಬೇಕು. ಸ್ಟ್ರಿಪ್ಪಿನಿಂದ ಮಾತ್ರೆ ಒತ್ತಿ ತೆಗೆಯುವುದಕ್ಕೂ ಆಗುವುದಿಲ್ಲ. ಆಗ ಯಾರೋ ತೆಗೆದುಕೊಡುತ್ತಾರೆ. ಅವರು ಓದುವುದು ಕವರನ್ನು. ಕವರು ಹೇಳುವುದು 1-0-0. ಕೈಗೇ ಬರುವ ಕಾಯಿಲೆಗೆ ಇಂಥ ಮಾತ್ರೆ, ಅದರ ಲೆಕ್ಕ ಪೆನ್ನಿನ ಒಂದು ಗೀಚಿನ ಮೇಲೆ!

ಅವತ್ತು ಸಂಜೆ ಇನ್ನೊಂದು ತಮಾಷೆ. ಚಿಕ್ಕಮ್ಮ ಸಮಾಧಾನವಾಗುವ ಮೊದಲೇ ಒಂದೆರಡು ಕಡೆ ಫೋನ್ ಮಾಡಿಬಿಟ್ಟಿದ್ದರಂತೆ. ಫೋನಿನ ಮೇಲೆ ಫೋನು. ಇಷ್ಟು ವರ್ಷದಲ್ಲಿ ಒಮ್ಮೆಯೂ "ಹೇಗಿದ್ದೀಯ" ಅನ್ನದ ಅತ್ತಿಗೆ ಅಳುವ ದನಿಯಲ್ಲಿ ಮಾತಾಡಿದರು. ನಾನು ವಿಷಯ ಬಿಡಿಸಿ ಹೇಳಿದೆ. "ಅಯ್ಯೋ ಸದ್ಯ! ಸಂಧಿವಾತ ಅಷ್ಟೇನಾ?" ಎಂದು ಫೋನಿಟ್ಟರು.

ಅಷ್ಟೇನಾ ಅಂದರೆ ಏನು ಹೇಳಲಿ? ನನ್ನನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪದರದ ಮೇಲೆ ಬೀಳುತ್ತದೆ. ಬಿಟ್ಟರೆ ಮೃದ್ವಸ್ಥಿ, ಮೂಳೆ ಎರಡನ್ನೂ ಸವೆಸುತ್ತದೆ. ಸವೆದದ್ದು ವಾಪಸ್ ಬರುವುದಿಲ್ಲ. ಶ್ವಾಸಕೋಶ, ಕಣ್ಣು ಕೂಡ ತಪ್ಪಿಸಿಕೊಳ್ಳುವುದಿಲ್ಲ ಕೆಲವರಲ್ಲಿ. ಹೃದಯದ ತೊಂದರೆ ಬರುವ ಸಾಧ್ಯತೆಯೂ ಜಾಸ್ತಿ. ವಯಸ್ಸಾದವರ ಮಂಡಿನೋವು ಬೇರೆ, ಇದು ಬೇರೆ ಅಂತ ಹೇಳಿ ಹೇಳಿ ಸಾಕಾಗಿದೆ. ಅತ್ತಿಗೆಗೆ ಹೇಳಲು ಹೋಗಲಿಲ್ಲ. ಅವರ ಕರುಣೆ ಕಾಯಿಲೆಯ ಹೆಸರು ನೋಡಿ ಹರಿಯುವಂಥದ್ದು. ಕ್ಯಾನ್ಸರ್ ಪಾಲಿನದ್ದು ಅವತ್ತು ತಪ್ಪಿ ನನ್ನ ಮನೆಗೆ ಬಂದಿತ್ತು ಅಷ್ಟೇ.

ಅವರೆಲ್ಲರಿಗಿಂತ ನನಗೆ ಆ ಅಂಗಡಿ ಹುಡುಗನೇ ವಾಸಿ ಅನಿಸುತ್ತದೆ. ಗಟ್ಟಿಯಾಗಿ ಕೇಳಿದ, ತಪ್ಪಾಗಿ ಬರೆದ, ನಿಜ. ಆದರೂ ಕೇಳಿದನಲ್ಲ. ಸುಮ್ನೆ ಬರೆದು ಕೊಟ್ಟಿದ್ದರೆ, ನನ್ನ ಬದಲು ಇವತ್ತಷ್ಟೇ ಕಾಯಿಲೆ ಗೊತ್ತಾದ ಯಾರೋ ಹಿರಿಯರು ಅಲ್ಲಿ ನಿಂತಿದ್ದರೆ?

ಕವರಿನ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ. ಹೊಸ ಚೀಟಿ ಬಂತು. "ವಾರಕ್ಕೆ ಒಂದು ಸಲ, ಭಾನುವಾರ ಮಾತ್ರ" ಎಂದು ದೊಡ್ಡದಾಗಿ ಬರೆದಿದ್ದಾರೆ. ಮುಂದಿನ ವಾರ ಲಿವರ್, ರಕ್ತಕಣಗಳ ಪರೀಕ್ಷೆಗೆ ಹೋಗಬೇಕು. ಚಿಕ್ಕಮ್ಮ ಜೊತೆಗೆ ಬಂದೇ ಬರುತ್ತೇನೆ ಅಂತ ಹಠ ಹಿಡಿದಿದ್ದಾರೆ. ಸ್ವಂತ ಮಾತ್ರೆಯ ವಿಷಯ ಡಾಕ್ಟರನ್ನೇ ಕೇಳಬೇಕಂತೆ.